ನಾಲ್ಕು ಇಂಚು ಎತ್ತರಿಸಿದರೂ ಕಲ್ಲು ತಾಗುವುದೇಕೆ?

ಅಮೆರಿಕದ ಟೆಕ್ಸಾಸ್ ಅಥವಾ ಕೊಲರಾಡೊ ಕಡೆ, ಸಿಗ್ನಲ್ಲಿನಲ್ಲಿ ನಿಮ್ಮ ಕಾರಿನ ಪಕ್ಕಕ್ಕೆ ಒಂದು ಪಿಕಪ್ ಬಂದು ನಿಂತಿತು ಎಂದುಕೊಳ್ಳಿ. ಅದರ ಟೈರಿನ ನೆತ್ತಿ ನಿಮ್ಮ ಕಿಟಕಿಯ ಅಂಚಿಗೆ ಸಮ. ಬಾಗಿಲು ಅದಕ್ಕೂ ಮೇಲೆ, ಹತ್ತಲು ಪಕ್ಕದಲ್ಲಿ ಮೆಟ್ಟಿಲು. ಮಕ್ಕಳ ಮನೆಯೆಂದು ಆರು ತಿಂಗಳು ಅಲ್ಲಿದ್ದು ಬಂದ ನಮ್ಮ ಹಿರಿಯರ ಮೊಬೈಲಿನಲ್ಲಿ ಇಂಥ ಗಾಡಿಯ ಮುಂದೆ ನಿಂತು ತೆಗೆಸಿಕೊಂಡ ಫೋಟೊ ಇದ್ದೇ ಇರುತ್ತದೆ. ನೋಡಿದವರಿಗೆಲ್ಲ ಹೊಳೆಯುವುದೂ ಒಂದೇ: ಇಷ್ಟು ಎತ್ತರದ ಗಾಡಿಗೆ ದಾರಿಯ ಕಲ್ಲುಗಿಲ್ಲು ಯಾವ ಲೆಕ್ಕ?

ಲೆಕ್ಕವೇ. ಕಾರ್ಖಾನೆಯಿಂದ ಬಂದ ಪಿಕಪ್ಪನ್ನು ಗ್ಯಾರೇಜಿಗೆ ಒಯ್ದು, ಸ್ಪ್ರಿಂಗ್ ಬದಲಿಸಿ ನಾಲ್ಕು ಇಂಚು ಎತ್ತರಿಸಿ, ಟೈರ್ ಮಾತ್ರ ಹಳೆಯದನ್ನೇ ಉಳಿಸಿಕೊಂಡರೆ, ಮೊದಲು ಯಾವ ಕಲ್ಲು ಅದರ ಹಿಂದಿನ ಅಚ್ಚಿಗೆ ತಾಗುತ್ತಿತ್ತೋ ಆ ಕಲ್ಲು ಈಗಲೂ ತಾಗುತ್ತದೆ. ಒಂದು ಮಿಲಿಮೀಟರ್ ಕೂಡ ಬಿಡುವು ಸಿಕ್ಕಿರುವುದಿಲ್ಲ. ಚಾಲಕ ಮಾತ್ರ ನಾಲ್ಕು ಇಂಚು ಮೇಲೆ ಕುಳಿತು ಅದೇ ಸದ್ದು ಕೇಳುತ್ತಾನೆ.

ಅಚ್ಚು ಎಲ್ಲಿದೆ?

ಎತ್ತಿನ ಗಾಡಿಯನ್ನು ನೆನೆಯಿರಿ. ಎರಡು ಚಕ್ರಗಳ ನಡುವೆ ಅಚ್ಚು ಹಾದಿರುತ್ತದೆ, ಅದರ ಮೇಲೆ ಗಾಡಿಯ ಹಾಸು ಕೂತಿರುತ್ತದೆ. ಹುಲ್ಲು ಹೇರಲೆಂದು ಹಾಸಿನ ಕೆಳಗೆ ಮರದ ದಿಮ್ಮಿ ಇಟ್ಟು ಅದನ್ನು ಮೊಳ ಎತ್ತರಿಸಿದರೆ ಹಾಸು ಏರುತ್ತದೆ, ಹುಲ್ಲು ಏರುತ್ತದೆ, ಗಾಡಿ ಹೊಡೆಯುವವನೂ ಏರುತ್ತಾನೆ. ಅಚ್ಚು ಇದ್ದಲ್ಲೇ ಇರುತ್ತದೆ. ಅದು ಚಕ್ರದ ನಟ್ಟನಡುವೆ ತೂರಿರುವುದರಿಂದ ನೆಲದಿಂದ ಅದರ ಎತ್ತರ ಎಂದೆಂದಿಗೂ ಚಕ್ರದ ಎತ್ತರದ ಅರ್ಧ. ಅಚ್ಚು ಏರಬೇಕಾದರೆ ದೊಡ್ಡ ಚಕ್ರವನ್ನೇ ಹಾಕಬೇಕು.

ಪಿಕಪ್ಪಿನ ಹಿಂಭಾಗವೂ ಇದೇ. ಅಲ್ಲಿ ಒಂದು ಚಕ್ರದಿಂದ ಇನ್ನೊಂದಕ್ಕೆ ಗಟ್ಟಿ ಅಚ್ಚು ಹಾದಿರುತ್ತದೆ, ಅದರ ನಡುವೆ ಡಿಫರೆನ್ಷಿಯಲ್ ಎಂಬ ಗುಂಡನೆಯ ಉಬ್ಬು. ಎಂಜಿನ್ನಿನಿಂದ ಉದ್ದಕ್ಕೆ ಬರುವ ತಿರುಗಾಟವನ್ನು ಅಡ್ಡಕ್ಕೆ ತಿರುಗಿಸಿ ಎರಡೂ ಚಕ್ರಗಳಿಗೆ ಹಂಚುವ ಹಲ್ಲುಚಕ್ರಗಳು ಅದರೊಳಗಿವೆ. ಗಾಡಿಯ ಅಡಿಯಲ್ಲಿ ನೆಲಕ್ಕೆ ಅತಿ ಹತ್ತಿರ ಇರುವುದು ಸಾಮಾನ್ಯವಾಗಿ ಇದೇ. ಸ್ಪ್ರಿಂಗ್‌ಗಳು ಅಚ್ಚಿನ ಮೇಲೆ ಕೂತು ಗಾಡಿಯನ್ನು ಹೊತ್ತಿವೆ. ಲಿಫ್ಟ್ ಎಂದರೆ ಆ ಸ್ಪ್ರಿಂಗನ್ನು ಉದ್ದ ಮಾಡುವುದು, ಅಥವಾ ಅಚ್ಚಿಗೂ ಸ್ಪ್ರಿಂಗಿಗೂ ನಡುವೆ ಕಬ್ಬಿಣದ ಗಟ್ಟಿ ಇಡುವುದು. ಎರಡೂ ಅಚ್ಚಿನಿಂದ ಮೇಲಿನ ಕೆಲಸಗಳು.

ಟೈರ್ ದೊಡ್ಡದಾದರೂ ಲಾಭ ಅರ್ಧ ಮಾತ್ರ. ಟೈರಿನ ಎತ್ತರ ಎರಡು ಇಂಚು ಹೆಚ್ಚಿದರೆ ಅಚ್ಚು ಏರುವುದು ಒಂದೇ ಇಂಚು. ಅಮೆರಿಕದ ಅನೇಕ ಪಿಕಪ್‌ಗಳಿಗೆ ಬರುವ 265/70 ಆರ್ 17 ಟೈರನ್ನು ತೆಗೆದುಕೊಳ್ಳಿ. ಅಗಲ 265 ಮಿ.ಮೀ., ಪಕ್ಕಗೋಡೆಯ ಎತ್ತರ ಅದರ ನೂರಕ್ಕೆ 70 ಪಾಲು, ಒಳಗಿನ ರಿಮ್ 17 ಇಂಚು. ಪಕ್ಕಗೋಡೆ ಮೇಲೊಂದು ಕೆಳಗೊಂದು ಸೇರಿಸಿ, ರಿಮ್ ಕೂಡಿಸಿದರೆ ಒಟ್ಟು ಎತ್ತರ 31.6 ಇಂಚು. ಇದನ್ನು ತೆಗೆದು ಶೋಕಿಯ 35 ಇಂಚಿನ ಟೈರ್ ಹಾಕಿದರೆ ಅಚ್ಚು ಏರುವುದು 1.7 ಇಂಚು, ಅಂದರೆ ನಾಲ್ಕು ಸೆಂಟಿಮೀಟರಿಗೆ ಕೊಂಚ ಮೇಲೆ. ನಾಲ್ಕು ಟೈರ್, ನಾಲ್ಕು ರಿಮ್, ಲಿಫ್ಟ್ ಕಿಟ್, ಕೂಲಿ ಎಲ್ಲ ಸೇರಿ ಸಾವಿರಾರು ಡಾಲರ್ ಸುರಿದು ಕೊಂಡದ್ದು ಇಷ್ಟು.

ಮುಂಭಾಗದ ಕಥೆ ಇನ್ನೂ ತಮಾಷೆ. ಈಗಿನ ಹೆಚ್ಚಿನ ಪಿಕಪ್‌ಗಳಲ್ಲಿ ಮುಂದೆ ಗಟ್ಟಿ ಅಚ್ಚು ಇರುವುದಿಲ್ಲ. ಡಿಫರೆನ್ಷಿಯಲ್ ಗಾಡಿಯ ಚೌಕಟ್ಟಾದ ಚಾಸಿಗೆ ಅಂಟಿಕೊಂಡಿರುತ್ತದೆ, ಅಲ್ಲಿಂದ ಎರಡು ಮಡಚುವ ದಂಡಗಳು ಚಕ್ರಗಳಿಗೆ ಹೋಗುತ್ತವೆ. ಹಾಗಾದರೆ ಚಾಸಿ ಎತ್ತಿದರೆ ಅದೂ ಏರಬೇಕಲ್ಲ? ಎರಡು ಇಂಚಿನವರೆಗೆ ಏರುತ್ತದೆ. ಅದಕ್ಕಿಂತ ಬಹಳ ಮೇಲೆ ಹೋದರೆ ದಂಡಗಳು ತೀರಾ ಓರೆಯಾಗಿ ಕೀಲುಗಳು ಬೇಗ ಸವೆಯುತ್ತವೆ. ಆರು ಇಂಚಿನ ಕಿಟ್ ತಯಾರಿಸುವವರು ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಚಾಸಿಯನ್ನು ಮೇಲೆತ್ತಿ, ಡಿಫರೆನ್ಷಿಯಲ್ಲನ್ನೂ ಚಕ್ರಗಳನ್ನು ಹಿಡಿದಿರುವ ತೋಳುಗಳನ್ನೂ ಬ್ರಾಕೆಟ್ ಕೊಟ್ಟು ಹೆಚ್ಚುಕಡಿಮೆ ಅಷ್ಟೇ ಕೆಳಗಿಳಿಸುವುದು. ದಂಡಗಳ ಓರೆ ಮೊದಲಿನಂತಾಗುತ್ತದೆ, ಡಿಫರೆನ್ಷಿಯಲ್ ಕೂಡ ಮೊದಲಿದ್ದ ಜಾಗಕ್ಕೇ ಮರಳುತ್ತದೆ.

ಹಾಗಾದರೆ ಲಿಫ್ಟ್ ಯಾಕೆ?

ಲಿಫ್ಟ್ ವ್ಯರ್ಥ ಎಂದು ತೀರ್ಪು ಕೊಡುವ ಅವಸರ ಬೇಡ. ಅಚ್ಚು ಏರದಿದ್ದರೂ ಗಾಡಿಯ ಹೊಟ್ಟೆ, ಮೂಗು, ಬಾಲ ಏರುತ್ತವೆ. ಉದ್ದದ ಗಾಡಿಗೆ ಹೊಟ್ಟೆಯ ಎತ್ತರ ನಿಜಕ್ಕೂ ಬೇಕು. ದಿಬ್ಬದ ನೆತ್ತಿ ದಾಟುವಾಗ ಮುಂಚಕ್ರ ಆಚೆ, ಹಿಂಚಕ್ರ ಈಚೆ ಇರುತ್ತದೆ, ನಡುವೆ ದಿಬ್ಬ ಹೊಟ್ಟೆಯ ಕಡೆಗೆ ಏರಿ ಬರುತ್ತದೆ. ಚಕ್ರಗಳ ನಡುವಿನ ದೂರ ಹೆಚ್ಚಿದಷ್ಟೂ ಸಣ್ಣ ದಿಬ್ಬವೂ ತಾಗುತ್ತದೆ. ಗಾಡಿ ಹೊಟ್ಟೆ ತಾಗಿಸದೆ ದಾಟಬಲ್ಲ ದಿಬ್ಬದ ಕಡಿದನ್ನು ನಾವು ದಿಬ್ಬಕೋನ ಎನ್ನೋಣ.

ನಾಲ್ಕು ಬಾಗಿಲಿನ ಫೋರ್ಡ್ ಎಫ್-150 ಗಾಡಿಯಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಸುಮಾರು 3.7 ಮೀಟರ್ ದೂರ. ಎರಡು ಬಾಗಿಲಿನ ಜೀಪ್ ರ್‍ಯಾಂಗ್ಲರ್‌ನಲ್ಲಿ ಸುಮಾರು 2.46 ಮೀಟರ್. ಎರಡರ ಹೊಟ್ಟೆಯೂ ನೆಲದಿಂದ 24 ಸೆಂ.ಮೀ. ಮೇಲಿದೆ ಎಂದುಕೊಂಡು ಲೆಕ್ಕ ಹಾಕಿದರೆ ಜೀಪಿನ ದಿಬ್ಬಕೋನ 22 ಡಿಗ್ರಿ, ಪಿಕಪ್ಪಿನದು 15. ಪಿಕಪ್ ಜೀಪಿಗೆ ಸಮನಾಗಬೇಕಾದರೆ ಅದರ ಹೊಟ್ಟೆಯನ್ನು ಇನ್ನೂ 12 ಸೆಂ.ಮೀ. ಎತ್ತಬೇಕು. ಇಲ್ಲಿ ಲಿಫ್ಟ್ ಕೆಲಸಕ್ಕೆ ಬರುತ್ತದೆ.

ಲಿಫ್ಟಿನ ಇನ್ನೊಂದು ಕೆಲಸ, ಬಹುಪಾಲು ಮಂದಿ ಹಣ ಕೊಡುವುದು ಇದಕ್ಕೇ, ದೊಡ್ಡ ಟೈರಿಗೆ ಜಾಗ ಮಾಡಿಕೊಡುವುದು. ಈ ಮಾತಿನಲ್ಲಿ ಒಂದು ಮೋಸ ಇದೆ.

ಸುಣ್ಣದಕಡ್ಡಿ ಹೇಳುವ ಸತ್ಯ

ಸಮ ನೆಲದಲ್ಲಿ ನಿಂತ ಗಾಡಿಯ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಕೈಯಿಟ್ಟು ನೋಡಿ "ಬೇಕಾದಷ್ಟು ಜಾಗ ಇದೆ" ಎನ್ನುವುದು ಸುಲಭ. ಟೈರ್ ಉಜ್ಜುವುದು ಆಗ ಅಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿರುವಾಗ, ಒಂದು ಚಕ್ರ ಗುಂಡಿಗಿಳಿದು ಇನ್ನೊಂದು ಮೇಲಕ್ಕೆ ಒತ್ತಿಕೊಂಡಿರುವಾಗ ಉಜ್ಜುತ್ತದೆ. ಆದ್ದರಿಂದ ಅದನ್ನು ಆ ಸ್ಥಿತಿಯಲ್ಲೇ ಪರೀಕ್ಷಿಸಬೇಕು. ಟೈರಿನ ಭುಜಕ್ಕೆ ಸುತ್ತಲೂ ಸುಣ್ಣದಕಡ್ಡಿ ದಪ್ಪಗೆ ಬಳಿದು, ಒಂದು ಮುಂಚಕ್ರವನ್ನು ಮರದ ದಿಮ್ಮಿಯ ಮೇಲೆ ಹತ್ತಿಸಿ, ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನ ತಿರುಗಿಸಿ. ಮತ್ತೆ ಇಳಿಸಿ ಟಾರ್ಚ್ ಹಿಡಿದು ಒಳಗೆ ನೋಡಿ. ಬಿಳಿ ಗುರುತು ಮೇಲಿನ ಮಡ್‌ಗಾರ್ಡಿನಲ್ಲಿ ಇರುತ್ತದೆಂದು ಹುಡುಕುವವರಿಗೆ ಅದು ಸಿಗುವುದು ಬಹಳ ಸಲ ಹಿಂಬದಿಯಲ್ಲಿ, ಚಕ್ರಕ್ಕೂ ಮುಂಬಾಗಿಲಿಗೂ ನಡುವೆ ಕ್ಯಾಬಿನ್ನನ್ನು ಚಾಸಿಗೆ ಕಚ್ಚಿಸಿರುವ ಕಬ್ಬಿಣದ ಮೂಲೆಯಲ್ಲಿ. ಟೊಯೋಟಾ ಟಕೋಮಾಕ್ಕೆ 33 ಇಂಚಿನ ಟೈರ್ ಹಾಕುವ ಅಮೆರಿಕನ್ನರು ಆ ಮೂಲೆಯನ್ನು ಕತ್ತರಿಸಿ ಮತ್ತೆ ವೆಲ್ಡ್ ಮಾಡಿಸುವುದು ಮಾಮೂಲು. ಲಿಫ್ಟ್ ಎಷ್ಟು ಕೊಟ್ಟರೂ ಆ ಮೂಲೆ ಹಿಂದಕ್ಕೆ ಸರಿಯುವುದಿಲ್ಲವಲ್ಲ!

ರಿಮ್ ಟೈರನ್ನು ಎಷ್ಟು ಹೊರಕ್ಕೆ ತಳ್ಳಿ ನಿಲ್ಲಿಸುತ್ತದೆ ಎಂಬುದೂ ಮುಖ್ಯ. ಹೊರಕ್ಕೆ ಚಾಚಿದ ಚಕ್ರ ತಿರುಗುವಾಗ ದೊಡ್ಡ ಕಮಾನು ಬಿಡಿಸುತ್ತದೆ, ಅಷ್ಟೂ ಹೆಚ್ಚು ಉಜ್ಜುತ್ತದೆ. ಟೈರ್ ಒಂದೇ, ಲಿಫ್ಟ್ ಒಂದೇ ಆದರೂ ಒಬ್ಬನ ಗಾಡಿ ಉಜ್ಜುತ್ತದೆ, ಇನ್ನೊಬ್ಬನದು ಉಜ್ಜುವುದಿಲ್ಲ ಎಂಬ ಜಗಳದ ಮೂಲ ಹೆಚ್ಚಾಗಿ ರಿಮ್ಮಿನಲ್ಲಿರುತ್ತದೆ.

ಈಗ ಆ ಮೋಸದ ವಿಷಯ. ಸ್ಪ್ರಿಂಗ್ ಉದ್ದ ಮಾಡಿದರೆ ಗಾಡಿ ನಿಂತಿರುವಾಗ ಜಾಗ ಹೆಚ್ಚುತ್ತದೆ, ನಿಜ. ಆದರೆ ಚಕ್ರ ದೊಡ್ಡ ಏಟು ತಿಂದು ಪೂರ್ತಿ ಮೇಲಕ್ಕೆ ಒತ್ತಿದಾಗ ಅದು ತಲುಪುವ ಜಾಗವನ್ನು ಗೊತ್ತು ಮಾಡುವುದು ಸ್ಪ್ರಿಂಗ್ ಅಲ್ಲ, ಚಾಸಿಯಲ್ಲಿರುವ ರಬ್ಬರ್ ತಡೆ. ಆ ತಡೆಯನ್ನು ಕೆಳಗಿಳಿಸದಿದ್ದರೆ ಲಿಫ್ಟ್ ಆದ ಗಾಡಿಯಲ್ಲೂ ಟೈರ್ ಹಳೆಯ ಎತ್ತರಕ್ಕೇ ಏರಿ, ದೊಡ್ಡದಾಗಿರುವುದರಿಂದ ಮಡ್‌ಗಾರ್ಡನ್ನು ಹರಿಯುತ್ತದೆ. ತಡೆಯನ್ನು ಕೆಳಗಿಳಿಸಿದರೆ ಚಕ್ರ ಮೇಲಕ್ಕೆ ಆಡುವ ಅವಕಾಶ ಕಡಿಮೆಯಾಗಿ ಕೆಟ್ಟ ದಾರಿಯಲ್ಲಿ ಸೊಂಟಕ್ಕೆ ಪೆಟ್ಟು. ಈ ಇಕ್ಕಟ್ಟಿನಿಂದ ಪಾರಾಗುವ ಮೂರನೆಯ ದಾರಿಯೊಂದಿದೆ. ಅದನ್ನು ಹಿಡಿದವರು ಐಸ್‌ಲ್ಯಾಂಡಿನವರು.

ಎತ್ತುವ ಬದಲು ಕತ್ತರಿಸುವುದು

ಐಸ್‌ಲ್ಯಾಂಡಿನ ನಡುನಾಡಿನಲ್ಲಿ ಚಳಿಗಾಲಕ್ಕೆ ರಸ್ತೆಯೆಂಬುದು ಇರುವುದಿಲ್ಲ. ಹಿಮದ ಮೇಲೆಯೇ ಹೋಗಬೇಕು. 1990ರಲ್ಲಿ ಅಲ್ಲಿನ ಟೊಯೋಟಾ ಮಾರಾಟಗಾರರ ಒಂದು ವಿಭಾಗವಾಗಿ ಶುರುವಾದ ಆರ್ಕ್ಟಿಕ್ ಟ್ರಕ್ಸ್ ಕಂಪನಿ ಹೈಲಕ್ಸ್ ಪಿಕಪ್‌ಗಳಿಗೆ 38 ಇಂಚು, ಕೆಲವಕ್ಕೆ 44 ಇಂಚಿನ ಟೈರ್ ಹಾಕುತ್ತದೆ. ಆ ಗಾತ್ರದ ಟೈರ್ ನೋಡಿದರೆ ಲಿಫ್ಟ್ ಒಂದು ಅಡಿಯಾದರೂ ಇರಬೇಕು ಅನ್ನಿಸುತ್ತದೆ. ಅವರ ರೀತಿಯೇ ಬೇರೆ. ಮಡ್‌ಗಾರ್ಡನ್ನು ಕಮಾನಿನ ಆಕಾರಕ್ಕೆ ಕತ್ತರಿಸಿ ತೆಗೆದು, ಹೊರಗಿನಿಂದ ಅಗಲವಾದ ಫೈಬರ್ ಅಂಚು ಕೂರಿಸುತ್ತಾರೆ. ಎತ್ತರಿಸುವುದು ಅದಾದ ಮೇಲೂ ಉಳಿಯುವ ಕೊರತೆಯಷ್ಟು ಮಾತ್ರ. ಅಮೆರಿಕದವನು ಗಾಡಿಯನ್ನು ಟೈರಿನ ಮೇಲೆ ಎತ್ತಿಟ್ಟರೆ, ಐಸ್‌ಲ್ಯಾಂಡಿನವನು ಟೈರನ್ನು ಗಾಡಿಯೊಳಕ್ಕೆ ತೂರಿಸುತ್ತಾನೆ. ನನಗಂತೂ ಎರಡನೆಯದೇ ಬುದ್ಧಿವಂತಿಕೆ ಎನಿಸುತ್ತದೆ.

ಅಷ್ಟು ದೊಡ್ಡ ಟೈರ್ ಅವರಿಗೆ ಯಾಕೆ ಬೇಕು? ಕಲ್ಲು ದಾಟಲು ಅಲ್ಲ. ಗಾಳಿ ಬಿಡಲು.

ಗಾಡಿಯ ಭಾರವನ್ನು ಹೊರುವುದು ಟೈರಿನ ರಬ್ಬರಿಗಿಂತ ಹೆಚ್ಚಾಗಿ ಒಳಗಿನ ಗಾಳಿ. ಎರಡು ಟನ್ ತೂಕದ ಪಿಕಪ್ಪಿನ ಒಂದೊಂದು ಟೈರಿನ ಮೇಲೂ 500 ಕೆಜಿ. ಗಾಳಿ ಚದರ ಇಂಚಿಗೆ 35 ಪೌಂಡ್ ಇದ್ದರೆ ಅದು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕೆಜಿ ಹೊರುತ್ತದೆ. 500 ಕೆಜಿ ಹೊರಲು 200 ಚದರ ಸೆಂ.ಮೀ. ಸಾಕು, ಅಂದರೆ ಬಿಡಿಸಿದ ಅಂಗೈಯಷ್ಟು ಜಾಗ. ಟೈರ್ ನೆಲಕ್ಕೆ ಊರುವ ಈ ತುಣುಕನ್ನು ಟೈರಿನ ಹೆಜ್ಜೆ ಎನ್ನೋಣ. ಈಗ ಗಾಳಿಯನ್ನು 4 ಪೌಂಡಿಗೆ ಇಳಿಸಿ. ಚದರ ಸೆಂಟಿಮೀಟರಿಗೆ ಹೊರುವುದು ಕಾಲು ಕೆಜಿಗೆ ತುಸು ಮೇಲೆ. ಅದೇ 500 ಕೆಜಿಗೆ ಈಗ ಸುಮಾರು 1,780 ಚದರ ಸೆಂ.ಮೀ. ಹೆಜ್ಜೆ ಬೇಕು, ಅಂದರೆ ದಿನಪತ್ರಿಕೆಯ ಒಂದು ಪುಟದಷ್ಟು. ಪಕ್ಕಗೋಡೆಯ ಬಿಗಿತವನ್ನು ಬಿಟ್ಟು ಮಾಡಿದ ಒರಟು ಲೆಕ್ಕ ಇದು, ಆದರೂ ದಿಕ್ಕು ಸರಿ. 70 ಕೆಜಿ ತೂಗುವ ಮನುಷ್ಯ ನಡೆಯುವಾಗ ಒಂದು ಕಾಲಿನ ಮೇಲೆ ಬೀಳುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 350 ಗ್ರಾಂ. ಎರಡು ಟನ್ನಿನ ಗಾಡಿ ಹಿಮದ ಮೇಲೆ ಅವನಿಗಿಂತ ಹಗುರವಾಗಿ ಹೆಜ್ಜೆ ಇಡುತ್ತದೆ.

ಹಾಗಿದ್ದರೆ ಸಾಮಾನ್ಯ ಟೈರಿನಲ್ಲೇ ಗಾಳಿ ಬಿಟ್ಟರಾಗದೇ? ಇಲ್ಲಿ ಮತ್ತೆ ಚಕ್ರದ ಎತ್ತರಕ್ಕೇ ಬರಬೇಕು. ಟೈರ್ ಕುಸಿದಾಗ ಹೆಜ್ಜೆ ಬೆಳೆಯುವುದು ಅಗಲಕ್ಕಲ್ಲ, ಉದ್ದಕ್ಕೆ. ನಮ್ಮ 265/70 ಆರ್ 17 ಟೈರ್ 26 ಸೆಂ.ಮೀ. ಅಗಲ. ಅದರಲ್ಲಿ ಪತ್ರಿಕೆಯ ಪುಟದಷ್ಟು ಹೆಜ್ಜೆ ಮೂಡಬೇಕಾದರೆ ಉದ್ದ 68 ಸೆಂ.ಮೀ. ಆಗಬೇಕು. 80 ಸೆಂ.ಮೀ. ಎತ್ತರದ ವೃತ್ತದಲ್ಲಿ ಅಷ್ಟು ಉದ್ದದ ಚಪ್ಪಟೆ ಬರಲು ಟೈರ್ 19 ಸೆಂ.ಮೀ. ಕುಸಿಯಬೇಕು. ಅದರ ಪಕ್ಕಗೋಡೆಯೇ ಇರುವುದು ಹದಿನೆಂಟೂವರೆ ಸೆಂ.ಮೀ.! ರಿಮ್ ನೆಲಕ್ಕೆ ಕೂತು ಟೈರ್ ಹರಿದುಹೋಗುತ್ತದೆ. ಅದೇ 38 ಇಂಚಿನ, 38 ಸೆಂ.ಮೀ. ಅಗಲದ ಟೈರನ್ನು 15 ಇಂಚಿನ ರಿಮ್ಮಿಗೆ ಹಾಕಿದರೆ? 47 ಸೆಂ.ಮೀ. ಉದ್ದ ಸಾಕು. ಅದಕ್ಕೆ ಬೇಕಾದ ಕುಸಿತ ಆರು ಸೆಂ.ಮೀ., ಕುಸಿಯಲು ಇರುವ ಪಕ್ಕಗೋಡೆ 29 ಸೆಂ.ಮೀ.

ಹಾಗಾಗಿ ಟೈರ್ ದೊಡ್ಡದು, ರಿಮ್ ಚಿಕ್ಕದು. ದೊಡ್ಡ ಟೈರಿಗೆ 22 ಇಂಚಿನ ಹೊಳೆಯುವ ರಿಮ್ ಹಾಕುವ ಈಚಿನ ಫ್ಯಾಷನ್ ಇದಕ್ಕೆ ಪೂರ್ತಿ ಉಲ್ಟಾ. ಪಕ್ಕಗೋಡೆಯೇ ಉಳಿಯದ ಮೇಲೆ ಗಾಳಿ ಬಿಡುವುದೆಲ್ಲಿಂದ?

ಈ ಗಾಡಿಗಳಿಗೂ ಭಾರತಕ್ಕೂ ಒಂದು ನಂಟಿದೆ. 2010ರ ನವೆಂಬರ್‌ನಲ್ಲಿ ಗೋವಾದ ಧ್ರುವ ಸಂಶೋಧನಾ ಕೇಂದ್ರದ ನಿರ್ದೇಶಕರಾಗಿದ್ದ ರಸಿಕ್ ರವೀಂದ್ರ ಅವರ ನೇತೃತ್ವದಲ್ಲಿ ಎಂಟು ಮಂದಿ ಭಾರತೀಯರು ಅಂಟಾರ್ಕ್ಟಿಕಾದ ಮೈತ್ರಿ ನೆಲೆಯಿಂದ ಹೊರಟು ದಕ್ಷಿಣ ಧ್ರುವ ಮುಟ್ಟಿದರು. ನಮ್ಮ ದೇಶದ ಮೊದಲ ದಕ್ಷಿಣ ಧ್ರುವ ವೈಜ್ಞಾನಿಕ ಯಾತ್ರೆ ಅದು. ಅವರು ಹೋದದ್ದು ಆರ್ಕ್ಟಿಕ್ ಟ್ರಕ್ಸ್ ಸಜ್ಜುಗೊಳಿಸಿದ ಹೈಲಕ್ಸ್‌ಗಳಲ್ಲಿ. ಅದೇ ಹೆಸರಿನ ಪಿಕಪ್ಪನ್ನು ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ನಮ್ಮ ಮಾರುಕಟ್ಟೆಗೆ ತಂದದ್ದು 2022ರಲ್ಲಿ.

ಎತ್ತರದ ಬಾಡಿಗೆ

35 ಇಂಚಿನ ಟೈರ್ ಒಂದು ಸುತ್ತು ತಿರುಗಿದರೆ 31.6 ಇಂಚಿನದಕ್ಕಿಂತ ನೂರಕ್ಕೆ 11ರಷ್ಟು ಹೆಚ್ಚು ದೂರ ಸಾಗುತ್ತದೆ. ಗಾಡಿಗೆ ಇದು ಗೊತ್ತಿಲ್ಲ. ಅದು ಎಣಿಸುವುದು ಸುತ್ತುಗಳನ್ನು. ಹಾಗಾಗಿ ಮೀಟರ್ 100 ತೋರಿಸುವಾಗ ನೀವು 111ರಲ್ಲಿರುತ್ತೀರಿ. ಇದನ್ನು ಸಾಫ್ಟ್‌ವೇರಿನಲ್ಲಿ ತಿದ್ದಬಹುದು. ಎಂಜಿನ್ನಿನ ಕಷ್ಟವನ್ನು ಹಾಗೆ ತಿದ್ದಲಾಗದು. ಅದಕ್ಕೆ ಗಾಡಿ ಸದಾ ಅರ್ಧ ಗೇರ್ ಮೇಲಿದ್ದಂತೆ ಎಳೆತ ಸಾಲದು. ಅಚ್ಚಿನೊಳಗಿನ ಹಲ್ಲುಚಕ್ರಗಳ ಅನುಪಾತ 3.73 ಇದ್ದರೆ ಅದನ್ನು ಬಿಚ್ಚಿ 4.10 ಹಾಕಿಸಿದಾಗ ಹೆಚ್ಚುಕಡಿಮೆ ಹಳೆಯ ಎಳೆತ ಮರಳುತ್ತದೆ. ಬ್ರೇಕಿಗೂ ಇದೇ ಪಾಡು. ರಸ್ತೆ ಚಕ್ರವನ್ನು ತಳ್ಳುವ ಮೀಟುಗೋಲು ಉದ್ದವಾಗಿದೆ, ಬ್ರೇಕಿನ ಡಿಸ್ಕ್ ಹಾಗೇ ಇದೆ. ಪೆಡಲನ್ನು ಮೊದಲಿನಷ್ಟೇ ಒತ್ತಿದರೆ ಸಿಗುವ ತಡೆ ನೂರಕ್ಕೆ ಹತ್ತರಷ್ಟು ಕಡಿಮೆ. ಟೈರಿನ ತೂಕ ಹೆಚ್ಚಿದ್ದು ಬೇರೆ.

ಮಗುಚುವ ಭಯ ಇವೆಲ್ಲಕ್ಕಿಂತ ದೊಡ್ಡದು. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 2001ರ ಮಾದರಿಗಳಿಂದ ಗಾಡಿಗಳಿಗೆ ಮಗುಚುವಿಕೆಯ ಅಂಕ ಕೊಡುತ್ತಿದೆ. ಅದರ ಬುನಾದಿ ಬಹಳ ಸರಳ: ಎಡಬಲ ಚಕ್ರಗಳ ನಡುವಿನ ದೂರದ ಅರ್ಧವನ್ನು ಗಾಡಿಯ ಭಾರಕೇಂದ್ರದ ಎತ್ತರದಿಂದ ಭಾಗಿಸುವುದು. ದೂರ 1.7 ಮೀಟರ್, ಭಾರಕೇಂದ್ರ 73 ಸೆಂ.ಮೀ. ಎತ್ತರದಲ್ಲಿದ್ದರೆ ಉತ್ತರ 1.16. ಲಿಫ್ಟ್ ಮತ್ತು ಟೈರ್ ಸೇರಿ ಭಾರಕೇಂದ್ರವನ್ನು 10 ಸೆಂ.ಮೀ. ಏರಿಸಿದರೆ 1.02. ಈ ಸಂಖ್ಯೆ ಇಳಿದಷ್ಟೂ, ತಿರುವಿನಲ್ಲಿ ಟೈರ್ ಜಾರುವ ಮೊದಲೇ ಒಳಗಿನ ಚಕ್ರ ನೆಲ ಬಿಡುವ ಸಾಧ್ಯತೆ ಹತ್ತಿರವಾಗುತ್ತದೆ. ಎತ್ತುವ ಬದಲು ಕತ್ತರಿಸುವವರ ಜಾಣತನ ಇಲ್ಲಿ ಕಾಣುತ್ತದೆ.

ಮೂಗು ಮಾತ್ರ ಎತ್ತಿ ಬಾಲ ಇಳಿಸುವ ಹುಚ್ಚೊಂದು ಅಮೆರಿಕದ ದಕ್ಷಿಣದಲ್ಲಿ ಹಬ್ಬಿತ್ತು. ಬಾನೆಟ್ ಆಕಾಶ ನೋಡುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಎದುರು ನಿಂತ ಮಗು ಚಾಲಕನಿಗೆ ಕಾಣುವುದಿಲ್ಲ. ಉತ್ತರ ಕೆರೊಲಿನಾ 2021ರ ಡಿಸೆಂಬರ್‌ನಿಂದ ಅದನ್ನು ನಿಷೇಧಿಸಿತು. ಇದರಲ್ಲಿ ವಿಜ್ಞಾನ ಏನೂ ಇಲ್ಲ, ಮುಂದೆ ಹೋಗೋಣ.

ಹಿಂದಿನಿಂದ ಮುಂದಕ್ಕೆ

ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ನಾಲ್ಕು ಇಂಚಾ, ಆರು ಇಂಚಾ?" ಪ್ರಶ್ನೆಯೇ ತಲೆಕೆಳಗು. ಮೊದಲು ನೆಲ ಯಾವುದೆಂದು ಕೇಳಬೇಕು. ಹೆದ್ದಾರಿ, ವಾರಕ್ಕೊಮ್ಮೆ ಮಣ್ಣುದಾರಿ ಎಂದಾದರೆ ಕಾರ್ಖಾನೆಯ ಟೈರಿನಷ್ಟೇ ಎತ್ತರದ, ಒರಟು ಹಲ್ಲಿನ ಟೈರ್ ಹಾಕಿ ಸುಮ್ಮನಿರುವುದೇ ಲೇಸು. ಕಲ್ಲುದಾರಿ ಇದ್ದರೆ 33 ಇಂಚು. ಅದಕ್ಕೆ ಮುಂದೆ ಎರಡು ಇಂಚಿನ ಲಿಫ್ಟ್ ಎಷ್ಟೋ ಪಿಕಪ್‌ಗಳಿಗೆ ಸಾಕು. ಭಾರ ಹೇರಿದಾಗ ಸಮನಾಗಲೆಂದು ಕಾರ್ಖಾನೆಯವರೇ ಹಿಂಭಾಗವನ್ನು ತುಸು ಎತ್ತರ ಇಟ್ಟಿರುವುದರಿಂದ ಹಿಂದೆ ಏನೂ ಬೇಡ. ಮರಳು, ಹಿಮ ಎಂದರೆ ಟೈರ್ ಇನ್ನೂ ದೊಡ್ಡದು, ರಿಮ್ ಇನ್ನೂ ಚಿಕ್ಕದು. ಲಿಫ್ಟ್ ಆಮೇಲೆ, ಸುಣ್ಣದಕಡ್ಡಿ ಎಷ್ಟು ಕೇಳುತ್ತದೋ ಅಷ್ಟು.

ಇದೆಲ್ಲ ಕಾನೂನು ಅವಕಾಶ ಕೊಟ್ಟ ದೇಶದ ಮಾತು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಅದನ್ನು ಎತ್ತಿಹಿಡಿಯಿತು. ಸಕಲೇಶಪುರದ ಎಸ್ಟೇಟ್ ದಾರಿಗೆಂದು ಹೈಲಕ್ಸನ್ನೋ ಇಸುಜು ವಿ-ಕ್ರಾಸನ್ನೋ ಎತ್ತರಿಸಲು ಹೊರಟವರು ಗ್ಯಾರೇಜಿಗೆ ಮೊದಲು ಆರ್‌ಟಿಒ ಕಚೇರಿಗೆ, ವಿಮೆಯವರಿಗೆ ಒಂದು ಮಾತು ಕೇಳುವುದು ಒಳ್ಳೆಯದು.

ಅಮೆರಿಕದಲ್ಲಿ 35 ಇಂಚು ಹಾಕಿಸಿಕೊಂಡವರಿಗೆ ಕೊನೆಗೆ ಎದುರಾಗುವುದು ಸ್ಟೆಪ್ನಿ. ಎಷ್ಟೋ ಪಿಕಪ್‌ಗಳಲ್ಲಿ ಅದು ಹಿಂದಿನ ತೊಟ್ಟಿಯ ಕೆಳಗೆ ನೇತಾಡುವ ಜಾಗ ಕಾರ್ಖಾನೆಯ ಟೈರಿಗೆ ಅಳತೆ ಮಾಡಿದ್ದು. 35 ಇಂಚಿನದು ಅಲ್ಲಿ ಹಿಡಿಯುವುದಿಲ್ಲ. ಹಳೆಯ ಸಣ್ಣ ಸ್ಟೆಪ್ನಿಯನ್ನೇ ಇಟ್ಟುಕೊಂಡು ಪಂಕ್ಚರಾದಾಗ ಹಿಂದಿನ ಅಚ್ಚಿಗೆ ಹಾಕಿದರೆ ಒಂದು ಬದಿಯ ಚಕ್ರ ಹೆಚ್ಚು ಸುತ್ತು ತಿರುಗಬೇಕು. ತಿರುವಿನಲ್ಲಿ ಅಷ್ಟಿಷ್ಟು ದುಡಿಯಲು ಮಾಡಿದ ಡಿಫರೆನ್ಷಿಯಲ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ದುಡಿದು ಬಿಸಿಯಾಗುತ್ತದೆ. ಹೀಗಾಗಿ ಅದೇ ಗಾತ್ರದ ಐದನೆಯ ಟೈರ್ ಕೊಂಡು ತೊಟ್ಟಿಯೊಳಗೇ ಕಟ್ಟಿಕೊಂಡು ತಿರುಗುತ್ತಾರೆ, ಸಾಮಾನು ಹೇರಲು ಜಾಗ ಅಷ್ಟು ಕಡಿಮೆ.